ರುಜು ಹಾಕುವ ಮುನ್ನ

ಓದುಬಾರದವನು ತಿಳಿಯದ ಕಾಗದಕ್ಕೆ ಹೆಬ್ಬೆಟ್ಟೊತ್ತಿ ಹೊಲ ಕಳೆದುಕೊಂಡ ಕಥೆಗಳು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಓದುಬಲ್ಲವರು ಅವನ್ನು ಕೇಳಿ ಮರುಗುತ್ತಾರೆ. ಆದರೆ ಪದವಿ ಪಡೆದ ತರುಣರು ನೇಮಕಾತಿ ಪತ್ರ ಕೈಗೆ ಬಂದೊಡನೆ ಮಾಡುವುದೇನು? ಸಂಬಳದ ಸಾಲನ್ನು ನಾಲ್ಕು ಬಾರಿ ಓದುತ್ತಾರೆ. ಕೆಲಸಕ್ಕೆ ಸೇರುವ ದಿನವನ್ನು ಮನೆಮಂದಿಗೆಲ್ಲ ಸಾರುತ್ತಾರೆ. ಉಳಿದ ಪುಟಗಳನ್ನು ಮಗುಚಿ ಕೊನೆಯಲ್ಲಿ ರುಜು ಹಾಕುತ್ತಾರೆ. ಆ ರುಜುವಿಗೂ ಹೆಬ್ಬೆಟ್ಟಿಗೂ ಹೆಚ್ಚಿನ ಅಂತರವಿಲ್ಲ.

ನಿರ್ಬಂಧದ ಷರತ್ತುಗಳು ಬಹುಮಟ್ಟಿಗೆ ಕೆಲಸ ಬಿಡುವುದನ್ನು ಕುರಿತವು. ಸೇರುವ ಸಂಭ್ರಮದಲ್ಲಿರುವವನಿಗೆ ಬಿಡುವ ದಿನದ ಯೋಚನೆ ಅಪಶಕುನದಂತೆ ತೋರುತ್ತದೆ. ಆದ್ದರಿಂದಲೇ ಅವು ಕಣ್ಣು ತಪ್ಪಿಸಿಕೊಳ್ಳುತ್ತವೆ. 'ಕೆಲಸ ಬಿಟ್ಟ ಬಳಿಕ ಎರಡು ವರ್ಷ ಇದೇ ಬಗೆಯ ಬೇರೊಂದು ಸಂಸ್ಥೆಯನ್ನು ಸೇರತಕ್ಕದ್ದಲ್ಲ' ಎಂದು ಒಂದು ಸಾಲು. 'ಮೂರು ವರ್ಷಕ್ಕೆ ಮುನ್ನ ಬಿಟ್ಟರೆ ಇಷ್ಟು ಹಣ ತೆರತಕ್ಕದ್ದು' ಎಂದು ಇನ್ನೊಂದು. ಎರಡೂ ಒಂದೇ ಗತ್ತಿನಲ್ಲಿ ಮಾತನಾಡುತ್ತವೆ. ಕಾನೂನಿನ ತಕ್ಕಡಿಯಲ್ಲಿ ಮಾತ್ರ ಅವುಗಳ ತೂಕ ಬೇರೆ ಬೇರೆ.

1872ರ ಭಾರತೀಯ ಕರಾರು ಕಾಯಿದೆಯ 27ನೆಯ ಕಲಮಿನ ಪ್ರಕಾರ, ನ್ಯಾಯಸಮ್ಮತವಾದ ವೃತ್ತಿಯನ್ನಾಗಲಿ ವ್ಯಾಪಾರವನ್ನಾಗಲಿ ನಡೆಸದಂತೆ ತಡೆಯುವ ಒಪ್ಪಂದವು ಆ ತಡೆಯ ಮಟ್ಟಿಗೆ ಅನೂರ್ಜಿತ. ಅಂಗಡಿಯ ಹೆಸರುವಾಸಿಯನ್ನೇ ಮಾರಿದವನಿಗೆ ಮಾತ್ರ ಇದರಿಂದ ವಿನಾಯಿತಿ ಉಂಟು. ಹೀಗಾಗಿ ನೌಕರಿ ಮುಗಿದ ಮೇಲೂ ಬೇರೆಡೆ ದುಡಿಯಬಾರದೆನ್ನುವ ಷರತ್ತು ಸಾಮಾನ್ಯವಾಗಿ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ನೌಕರಿಯ ಅವಧಿಯೊಳಗಿನ ಮಾತು ಬೇರೆ. ಮುಂಬಯಿಯ ಸಮೀಪದ ಕಲ್ಯಾಣದಲ್ಲಿ ಟೈರಿಗೆ ಬೇಕಾದ ನೂಲನ್ನು ತಯಾರಿಸುವ ಕಾರ್ಖಾನೆಯೊಂದು ಒಬ್ಬ ನೌಕರನಿಗೆ ಆ ತಂತ್ರವನ್ನು ಕಲಿಸಿತು. ಐದು ವರ್ಷ ದುಡಿಯಲು ಒಪ್ಪಿದ್ದ ಆತನು ನಡುವೆಯೇ ಪ್ರತಿಸ್ಪರ್ಧಿ ಕಾರ್ಖಾನೆಯನ್ನು ಸೇರಿದನು. ಒಪ್ಪಿದ ಅವಧಿ ಮುಗಿಯುವವರೆಗೆ ಆತನನ್ನು ತಡೆಯುವುದು ಸರಿಯೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ತೀರ್ಪಿತ್ತಿತು.

ಹಣದ ಷರತ್ತಿಗೆ ನಮ್ಮ ನಾಡಿನ ನಿದರ್ಶನವೇ ಇದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿದ್ದ ವಿಜಯಾ ಬ್ಯಾಂಕು, ಮೂರು ವರ್ಷಕ್ಕೆ ಮುನ್ನ ಬಿಟ್ಟು ಹೋಗುವವರು 2 ಲಕ್ಷ ರೂಪಾಯಿ ತೆರಬೇಕೆಂದು ವಿಧಿಸಿತ್ತು. ಅಧಿಕಾರಿಯೊಬ್ಬರು ಹಣ ಕಟ್ಟಿ, ನ್ಯಾಯಾಲಯದ ಮೆಟ್ಟಿಲೇರಿದರು. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಅವರು ಗೆದ್ದರು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಬ್ಯಾಂಕು ಗೆದ್ದಿತು. ಬೇರೆ ಕೆಲಸ ಹಿಡಿಯಲು ಆ ಷರತ್ತು ಅಡ್ಡಿಯಾಗಿರಲಿಲ್ಲ, ಬಿಟ್ಟುಹೋಗುವುದಕ್ಕೆ ಬೆಲೆಯನ್ನಷ್ಟೇ ಕಟ್ಟಿತ್ತು ಎಂಬುದು ತೀರ್ಪಿನ ತಿರುಳು. ಹಾಗೆಂದು ಬರೆದ ಮೊತ್ತವೆಲ್ಲ ಸಲ್ಲುತ್ತದೆಂದಲ್ಲ. ಅದೇ ಕಾಯಿದೆಯ 74ನೆಯ ಕಲಮು, ಆ ಮೊತ್ತವನ್ನು ಮೀರದಂತೆ ಯುಕ್ತವಾದ ಪರಿಹಾರವನ್ನು ಮಾತ್ರ ಕೊಡಿಸುತ್ತದೆ.

ಅನೂರ್ಜಿತವಾದ ಷರತ್ತು ಇದ್ದರೇನು, ಬಿಟ್ಟರೇನು ಎಂದು ನೀವು ಕೇಳಬಹುದು. ಗದ್ದೆಯ ಬೆದರುಬೊಂಬೆಗೆ ಜೀವವಿಲ್ಲ; ಆದರೂ ಹಕ್ಕಿಗಳು ಕಾಳಿಗೆ ಇಳಿಯುವುದಿಲ್ಲ. ಕಾನೂನನ್ನು ಅರಿಯದ ನೌಕರನು ಸತ್ತ ಷರತ್ತಿಗೆ ಹೆದರಿ ಒಳ್ಳೆಯ ಅವಕಾಶವನ್ನು ತಾನಾಗಿಯೇ ಕೈಬಿಡುತ್ತಾನೆ. ಅಂಥ ಸಾಲುಗಳು ಪತ್ರದಲ್ಲಿ ಉಳಿದುಕೊಂಡಿರುವುದು ಈ ಅಂಜಿಕೆಯ ಬಲದಿಂದಲೇ ಎಂದು ನನ್ನ ಎಣಿಕೆ.

ನನ್ನಲ್ಲಿ ಓದಿದ ಹುಡುಗಿಯೊಬ್ಬಳು ಇಂಥ ಪತ್ರವನ್ನು ಹಿಡಿದು ಮನೆಗೆ ಬಂದಳು. "ಮೇಷ್ಟ್ರೇ, ಮೂಲ ಅಂಕಪಟ್ಟಿಗಳನ್ನು ಕಚೇರಿಯಲ್ಲಿ ಇಡಬೇಕಂತೆ, ಕೇಳಿದರೆ ಕೆಲಸವೇ ಹೋದೀತೇನೋ" ಎಂದಳು. ಇಬ್ಬರೂ ಕುಳಿತು ಪ್ರತಿಯೊಂದು ಸಾಲನ್ನೂ ಓದಿದೆವು. ಮೂಲಪತ್ರಗಳನ್ನು ತೋರಿಸಿ ನಕಲುಗಳನ್ನು ಕೊಡುವೆನೆಂದೂ, ಕೊಡುವ ತರಬೇತಿ ಯಾವುದು, ಅದರ ವೆಚ್ಚವೆಷ್ಟು ಎಂದೂ ಆಕೆ ವಿನಯವಾಗಿ ಕಾಗದ ಬರೆದಳು. ಎಂಟು ದಿನಗಳಲ್ಲಿ ತಿದ್ದಿದ ಪತ್ರ ಬಂದಿತು. ಅಂಕಪಟ್ಟಿಯ ಸಾಲು ಅದರಲ್ಲಿ ಇರಲಿಲ್ಲ. ಹಣದ ಷರತ್ತು ಉಳಿದಿತ್ತು. ಆದರೆ ದುಡಿದ ಪ್ರತಿ ತಿಂಗಳಿಗೂ ಮೊತ್ತ ಇಷ್ಟಿಷ್ಟು ಕಡಮೆಯಾಗುವುದೆಂದು ಅದರ ಕೆಳಗೆ ಬರೆದಿತ್ತು. ಆಕೆ ಇನ್ನೊಮ್ಮೆ ಓದಿ, ಒಂದು ಪ್ರತಿಯನ್ನು ತನ್ನಲ್ಲಿಟ್ಟುಕೊಂಡು, ರುಜು ಹಾಕಿದಳು.