ತಗ್ಗಿಸಿದ ಟ್ರಕ್ಕಿಗೆ ಹಿಂದಿನ ಶಾಕ್ ಅಬ್ಸಾರ್ಬರ್: ಒಂದು ಲಂಬಕೋನ ತ್ರಿಭುಜದ ಲೆಕ್ಕ



ವಾಹನದ ಭಾರ ಹೊರುವುದು ಯಾವುದು ಎಂದು ಕೇಳಿದರೆ ಹಲವರು ಶಾಕ್ ಅಬ್ಸಾರ್ಬರ್ ಎನ್ನುತ್ತೀರಿ. ಬೈಕಿನಲ್ಲಿ ಅದರ ಸುತ್ತಲೇ ಸ್ಪ್ರಿಂಗ್ ಇರುವುದರಿಂದ ಈ ಗೊಂದಲ. ಭಾರ ಹೊರುವುದು ಸ್ಪ್ರಿಂಗ್. ಅದರ ಕುಣಿತ ನಿಲ್ಲಿಸುವುದು ಶಾಕ್. ಅದರೊಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ತಳ್ಳುತ್ತದೆ. ಆಂದೋಲನದ ಶಕ್ತಿ ಶಾಖವಾಗಿ ಹೊರಹೋಗುತ್ತದೆ. ಪಠ್ಯದಲ್ಲಿ ಬರುವ ಅವಮಂದಿತ ಆಂದೋಲನ ಎಂದರೆ ಇದೇ.

ಇವೆರಡೂ ಬೇರೆ ಬೇರೆಯಾಗಿ ಕಾಣುವ ಒಳ್ಳೆಯ ಉದಾಹರಣೆ ಅಮೆರಿಕದ ಶೆವರ್ಲೆ ಸಿ-10 ಪಿಕಪ್ ಟ್ರಕ್. 1967ರಿಂದ 1972ರವರೆಗಿನ ಈ ಟ್ರಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಸುರುಳಿ ಸ್ಪ್ರಿಂಗ್‌ಗಳಿವೆ, ಶಾಕ್‌ಗಳು ಪ್ರತ್ಯೇಕವಾಗಿವೆ. ಅಲ್ಲಿನ ಹವ್ಯಾಸಿಗಳು ಗಿಡ್ಡ ಸ್ಪ್ರಿಂಗ್ ಹಾಕಿ ಟ್ರಕ್ಕನ್ನು ನೆಲಕ್ಕೆ ಹತ್ತಿರ ತರುತ್ತಾರೆ. ನೋಡಲು ಚೆಂದ. ಆದರೆ ಹಳೆಯ ಶಾಕ್‌ಗಳನ್ನು ಹಳೆಯ ಜಾಗದಲ್ಲೇ ಬಿಟ್ಟರೆ ತೊಂದರೆ ಶುರುವಾಗುತ್ತದೆ.

ಲೆಕ್ಕ

ಶಾಕ್‌ನ ಕೆಳತುದಿ ಆಕ್ಸಲ್‌ಗೆ, ಮೇಲ್ತುದಿ ಚಾಸಿಗೆ ಸೇರಿದೆ. ಅದು ಓರೆಯಾಗಿ ನಿಂತಿದೆ. ಎರಡು ತುದಿಗಳ ನಡುವೆ ಲಂಬ ಅಂತರ 40 ಸೆಂ.ಮೀ., ಅಡ್ಡ ಅಂತರ 20 ಸೆಂ.ಮೀ. ಎಂದುಕೊಳ್ಳಿ. ಪೈಥಾಗೊರಸ್ ಪ್ರಮೇಯದಂತೆ ಶಾಕ್‌ನ ಉದ್ದ 2000ರ ವರ್ಗಮೂಲ, ಅಂದರೆ 44.7 ಸೆಂ.ಮೀ. ಟ್ರಕ್ಕನ್ನು 10 ಸೆಂ.ಮೀ. ತಗ್ಗಿಸಿದರೆ ಲಂಬ ಅಂತರ 30ಕ್ಕೆ ಇಳಿಯುತ್ತದೆ, ಉದ್ದ 36.1 ಸೆಂ.ಮೀ. ಆಗುತ್ತದೆ.

ಈ ಶಾಕ್ ಪೂರ್ತಿ ಒತ್ತಿಕೊಂಡಾಗ 32 ಸೆಂ.ಮೀ. ಇರುತ್ತದೆ ಎಂದಾದರೆ, ಮೊದಲು 12.7 ಸೆಂ.ಮೀ. ಒತ್ತಿಕೊಳ್ಳಲು ಅವಕಾಶವಿತ್ತು. ಈಗ ಉಳಿದದ್ದು 4.1 ಮಾತ್ರ. ದೊಡ್ಡ ಗುಂಡಿ ಸಿಕ್ಕರೆ ಪಿಸ್ಟನ್ ತಳಕ್ಕೆ ಬಡಿಯುತ್ತದೆ. ಆಗ ಅದು ಶಾಕ್ ಅಲ್ಲ, ಬರಿಯ ಕಬ್ಬಿಣದ ಸರಳು. ಹೊಡೆತ ನೇರವಾಗಿ ಬೋಲ್ಟಿಗೂ ಬ್ರಾಕೆಟ್ಟಿಗೂ ಹೋಗುತ್ತದೆ. ಖಾಲಿ ಪಿಕಪ್ಪಿನ ಹಿಂಭಾಗ ಮೊದಲೇ ಹಗುರ. ಚಕ್ರ ನೆಲ ಬಿಟ್ಟು ಎಗರಿದರೆ ಆ ಕ್ಷಣ ಅದಕ್ಕೆ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ತಗ್ಗಿಸಿದಾಗ ಶಾಕ್ ಇನ್ನಷ್ಟು ವಾಲುತ್ತದೆ. ವಾಲಿದ ಶಾಕ್‌ನ ಲಂಬ ಅವಮಂದನ ಅದರ ಕೋನದ ಕೊಸೈನ್‌ನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಒಮ್ಮೆ ವೇಗ ಕಡಿಮೆಯಾಗುತ್ತದೆ, ಮತ್ತೊಮ್ಮೆ ಬಲದ ಲಂಬ ಘಟಕ ಕಡಿಮೆಯಾಗುತ್ತದೆ, ಅದಕ್ಕೇ ವರ್ಗ. ನಮ್ಮ ಉದಾಹರಣೆಯಲ್ಲಿ ಅದು 0.80ರಿಂದ 0.69ಕ್ಕೆ ಇಳಿಯುತ್ತದೆ. 45 ಡಿಗ್ರಿ ವಾಲಿದರೆ ಅರ್ಧವೇ ಉಳಿಯುತ್ತದೆ.

ಪರಿಹಾರ

ದಾರಿ ಎರಡಿವೆ. ಮೇಲಿನ ಬ್ರಾಕೆಟ್ಟನ್ನು ಚಾಸಿಯ ಮೇಲೆ 10 ಸೆಂ.ಮೀ. ಎತ್ತರಿಸಿದರೆ ಹಳೆಯ ಉದ್ದವೂ ಹಳೆಯ ಕೋನವೂ ಹಾಗೇ ಮರಳುತ್ತವೆ. ಅದಕ್ಕೆ ಜಾಗವಿಲ್ಲದಿದ್ದರೆ ಗಿಡ್ಡ ಶಾಕ್ ಹಾಕಬೇಕು.

ಜೋಡಿಸುವಾಗ ಕ್ರಮ ಮುಖ್ಯ:

1. ಟ್ರಕ್ಕಿನ ಭಾರ ಚಕ್ರಗಳ ಮೇಲಿರುವಾಗ ಎರಡು ಬೋಲ್ಟ್‌ಗಳ ನಡುವಿನ ಅಂತರ ಅಳೆಯಿರಿ. ಜ್ಯಾಕ್ ಮೇಲೆ ಚಕ್ರ ನೇತಾಡುವಾಗ ಅಳೆದರೆ ಲೆಕ್ಕ ತಪ್ಪುತ್ತದೆ.

2. ಆಕ್ಸಲ್ ಪೂರ್ತಿ ಮೇಲೇರಿದಾಗ ಮೊದಲು ತಾಗಬೇಕಾದ್ದು ರಬ್ಬರ್ ತಡೆ. ಆಗಲೂ ಶಾಕ್ ಒಳಗೆ ಸ್ವಲ್ಪ ಅವಕಾಶ ಉಳಿದಿರಬೇಕು.

3. ಪೂರ್ತಿ ಕೆಳಗಿಳಿದಾಗ ಶಾಕ್ ಆಗಲಿ, ಬ್ರೇಕ್ ಪೈಪ್ ಆಗಲಿ ಬಿಗಿದು ನಿಲ್ಲಬಾರದು.

4. ರಬ್ಬರ್ ಬುಷ್ ಇರುವ ಬೋಲ್ಟನ್ನು ಟ್ರಕ್ ನೆಲದ ಮೇಲೆ ನಿಂತ ನಂತರವೇ ಕೊನೆಯ ಬಿಗಿ ಮಾಡಬೇಕು. ಇಲ್ಲವಾದರೆ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

5. ಬರಿಯ ಜ್ಯಾಕ್ ನಂಬಿ ವಾಹನದ ಕೆಳಗೆ ಹೋಗಬೇಡಿ. ಭದ್ರವಾದ ಸ್ಟ್ಯಾಂಡ್ ಬೇಕೇ ಬೇಕು.

ಇದನ್ನು ಓದಿ ಮನೆಯ ಬೈಕಿಗೆ ಸ್ಪ್ಯಾನರ್ ಹಾಕಲು ಹೊರಡಬೇಡಿ. ನೋಂದಣಿ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಇಲ್ಲಿ ಕಲಿಯಬೇಕಾದ್ದು ಇಷ್ಟೇ: ಒಂದು ಭಾಗ ಬದಲಿಸಿದರೆ ಅದನ್ನು ನಂಬಿಕೊಂಡಿರುವ ಎಲ್ಲ ಭಾಗಗಳನ್ನೂ ಮತ್ತೆ ಅಳೆಯಬೇಕು.

ನಿಮಗೊಂದು ಪ್ರಶ್ನೆ: ಅದೇ ಟ್ರಕ್ಕನ್ನು 5 ಸೆಂ.ಮೀ. ಮಾತ್ರ ತಗ್ಗಿಸಿದರೆ ಶಾಕ್‌ನ ಉದ್ದ ಎಷ್ಟು? ಒತ್ತಿಕೊಳ್ಳಲು ಎಷ್ಟು ಅವಕಾಶ ಉಳಿಯುತ್ತದೆ? ಚಿತ್ರ ಬರೆದು ಲೆಕ್ಕ ಮಾಡಿ, ಭೌತಶಾಸ್ತ್ರ ಪ್ರಯೋಗಾಲಯಕ್ಕೆ ತಂದು ತೋರಿಸಿ.