ಎರಡೂ ಸ್ಕೋಪ್ ನಾರ್ಮಲ್, ಆದರೂ ರಕ್ತ ಇಳಿಯುತ್ತಿದೆ

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ, ತೋಟದ ಕೆಲಸ. ಎಂಟು ತಿಂಗಳಿಂದ ವಿಪರೀತ ಸುಸ್ತು. ಹಿಮೋಗ್ಲೋಬಿನ್ 6.8ಕ್ಕೆ ಇಳಿದು ಎರಡು ಸಲ ರಕ್ತ ಹಾಕಿಸಿದೆವು. ಕಬ್ಬಿಣದ ಮಾತ್ರೆ ನುಂಗುವಷ್ಟು ದಿನ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಊಟವಾದ ಒಂದು ಗಂಟೆಗೆ ಹೊಕ್ಕುಳ ಸುತ್ತ ಹಿಂಡಿದಂಥ ನೋವು, ಹೊಟ್ಟೆಯಲ್ಲಿ ಗುಡುಗುಡು ಸದ್ದು. ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡೂ ನಾರ್ಮಲ್. ಈಗ ಕ್ಯಾಮೆರಾ ಇರುವ ಮಾತ್ರೆ ನುಂಗಿಸೋಣ ಎನ್ನುತ್ತಿದ್ದಾರೆ. ಕ್ಯಾನ್ಸರ್ ಇರಬಹುದೇ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಎಂಡೋಸ್ಕೋಪಿಯ ಕೊಳವೆ ಬಾಯಿಯಿಂದ ಇಳಿದು ಸಣ್ಣ ಕರುಳಿನ ಆರಂಭವನ್ನಷ್ಟೇ ಮುಟ್ಟುತ್ತದೆ. ಕೊಲೊನೋಸ್ಕೋಪಿ ಕೆಳಗಿನಿಂದ ಹೋಗಿ ಅದರ ಕೊನೆಯ ಕೆಲವು ಇಂಚು ನೋಡಬಲ್ಲದು. ನಡುವೆ ಸುಮಾರು ಇಪ್ಪತ್ತು ಅಡಿ ಕರುಳನ್ನು ನಿಮ್ಮ ತಂದೆಯವರಲ್ಲಿ ಇನ್ನೂ ಯಾರೂ ನೋಡಿಲ್ಲ. 58ರ ಗಂಡಸಿಗೆ ಕಬ್ಬಿಣದ ಕೊರತೆ ಮತ್ತೆ ಮತ್ತೆ ಬರುತ್ತಿದ್ದರೆ ಎಲ್ಲಿಂದಲೋ ರಕ್ತ ಸೋರುತ್ತಿದೆ ಎಂದೇ ತಿಳಿಯಬೇಕು. ಮಲದ ಬಣ್ಣ ನೋಡಿ ನಿರ್ಧರಿಸಬೇಡಿ, ಕಬ್ಬಿಣದ ಮಾತ್ರೆಯಿಂದಲೂ ಅದು ಕಪ್ಪಾಗುತ್ತದೆ.

ಕ್ಯಾನ್ಸರ್ರೇ ಎಂದು ನಾನು ಹೇಳಲಾರೆ. ಜೀರ್ಣಾಂಗದ ಕ್ಯಾನ್ಸರ್‌ಗಳಲ್ಲಿ ಸಣ್ಣ ಕರುಳಿನದು ನೂರಕ್ಕೆ ಐದಕ್ಕಿಂತ ಕಡಿಮೆ. ಮಂಡಿನೋವಿನ ಮಾತ್ರೆಗಳಿಂದಾದ ಹುಣ್ಣು, ದುರ್ಬಲ ರಕ್ತನಾಳ, ಬರಿಗಾಲಲ್ಲಿ ದುಡಿಯುವವರಿಗೆ ಅಂಟುವ ಕೊಕ್ಕೆಹುಳು, ಇವೆಲ್ಲವೂ ರಕ್ತ ಇಳಿಸುತ್ತವೆ. ಆದರೆ ಊಟದ ನಂತರದ ಹಿಂಡುನೋವು, ಗುಡುಗುಡು ಸದ್ದು ಬೇರೆಯೇ ಮಾತು ಹೇಳುತ್ತಿವೆ. ಕರುಳು ಎಲ್ಲೋ ಕಿರಿದಾಗಿದೆ, ಆಹಾರವನ್ನು ಅಲ್ಲಿಂದ ದಾಟಿಸಲು ಹೆಣಗುತ್ತಿದೆ ಎಂಬ ಗುಮಾನಿ ನನಗಿದೆ.

ಹಾಗಾಗಿ ಕ್ಯಾಮೆರಾ ಮಾತ್ರೆಗೆ ಅವಸರ ಬೇಡ. ಸುಮಾರು 26 ಮಿಲಿಮೀಟರ್ ಉದ್ದದ ಆ ಕ್ಯಾಪ್ಸೂಲ್ ಎಂಟು ಗಂಟೆ ಸಾಗುತ್ತಾ ಐವತ್ತು ಸಾವಿರದಷ್ಟು ಚಿತ್ರ ತೆಗೆಯುತ್ತದೆ, ನೋವಿಲ್ಲ. ಕಿರಿದಾದ ಜಾಗದಲ್ಲಿ ಮಾತ್ರ ಅದು ಸಿಕ್ಕಿಹಾಕಿಕೊಳ್ಳಬಹುದು. ಆಗ ತೆಗೆಯಲೆಂದೇ ಆಪರೇಷನ್ ಬೇಕಾದೀತು. ಮೊದಲು ಸಿಟಿ ಎಂಟರೋಗ್ರಫಿ ಮಾಡಿಸಿ. ಒಂದೂವರೆ ಲೀಟರಿನಷ್ಟು ದ್ರವ ಕುಡಿಸಿ ಕರುಳು ಅರಳಿದ ಮೇಲೆ ತೆಗೆಯುವ ಸ್ಕ್ಯಾನ್ ಅದು. ಗೆಡ್ಡೆ, ದಪ್ಪಗಾದ ಗೋಡೆ, ಕಿರಿದಾದ ಜಾಗ ಅದರಲ್ಲಿ ಕಾಣುತ್ತವೆ. ದಾರಿ ಸರಾಗವಾಗಿದೆ ಎಂದು ಗೊತ್ತಾದ ಮೇಲೆ ಕ್ಯಾಪ್ಸೂಲ್ ನುಂಗಬಹುದು.

ಏನಾದರೂ ಕಂಡರೆ ಮುಂದಿನ ಹೆಜ್ಜೆ ಬಯಾಪ್ಸಿ, ಅಂದರೆ ತುಣುಕು ತೆಗೆದು ಪರೀಕ್ಷಿಸುವುದು. ಜಪಾನಿನ ವೈದ್ಯ ಹಿರೋನೊರಿ ಯಮಮೊಟೊ 2001ರಲ್ಲಿ ವರದಿ ಮಾಡಿದ ಡಬಲ್ ಬಲೂನ್ ಎಂಟರೋಸ್ಕೋಪಿ ಇಲ್ಲಿ ನೆರವಾಗುತ್ತದೆ. ಲಾಡಿ ಏರಿಸುವಾಗ ಬಟ್ಟೆ ನೆರಿಗೆಯಾಗುವಂತೆ ಕರುಳು ಕೊಳವೆಯ ಮೇಲೆ ನೆರಿಗೆಯಾಗುತ್ತಾ ಬರುತ್ತದೆ, ಆಳದ ಜಾಗದಿಂದಲೂ ತುಣುಕು ಸಿಗುತ್ತದೆ. ಗೆಡ್ಡೆ ಒಂದೇ ಕಡೆಯಿದ್ದು ಪೂರ್ತಿ ತೆಗೆಯುವಂತಿದ್ದರೆ ನೇರ ಆಪರೇಷನ್ ಮಾಡಿ ಆ ಭಾಗವನ್ನೇ ಪರೀಕ್ಷೆಗೆ ಕಳಿಸುವುದೂ ಉಂಟು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಕರುಳಿನ ಕ್ಷಯ ಸಾಮಾನ್ಯ, ಸ್ಕ್ಯಾನಿನಲ್ಲಿ ಅದು ಗೆಡ್ಡೆಯಂತೆಯೇ, ಗೆಡ್ಡೆ ಅದರಂತೆಯೇ ಕಾಣುವುದುಂಟು. "ಟಿಬಿ ಇರಬಹುದು, ಔಷಧಿ ಶುರುಮಾಡಿ ನೋಡೋಣ" ಎಂದರೆ, ತುಣುಕಿನ ಪರೀಕ್ಷೆ ಆಗಿದೆಯೇ ಎಂದು ವಿನಯದಿಂದ ಕೇಳಿ. ನಿಜವಾಗಿ ಕ್ಯಾನ್ಸರ್ ಆಗಿದ್ದರೆ ಆ ಕೆಲವು ತಿಂಗಳು ಮತ್ತೆ ಸಿಗುವುದಿಲ್ಲ.

ಚಿಕಿತ್ಸೆ ಗೆಡ್ಡೆಯ ಜಾತಿಯ ಮೇಲೆ ನಿಂತಿದೆ. ಅಡಿನೋಕಾರ್ಸಿನೋಮ ಆದರೆ ಆ ಭಾಗವನ್ನೂ ಸುತ್ತಲ ದುಗ್ಧಗ್ರಂಥಿಗಳನ್ನೂ ತೆಗೆದು, ಅಗತ್ಯವಿದ್ದರೆ ಕಿಮೋ. ಲಿಂಫೋಮಕ್ಕೆ ಮುಖ್ಯವಾಗಿ ಔಷಧಿ. ನ್ಯೂರೋಎಂಡೋಕ್ರೈನ್ ಗೆಡ್ಡೆ ನಿಧಾನವಾಗಿ ಬೆಳೆಯುವುದೇ ಹೆಚ್ಚು. ಹರಡಿದ್ದರೂ ತಿಂಗಳಿಗೊಮ್ಮೆ ಆಕ್ಟ್ರಿಯೊಟೈಡ್ ಇಂಜೆಕ್ಷನ್ ಪಡೆದು ವರ್ಷಗಟ್ಟಲೆ ಓಡಾಡಿಕೊಂಡಿರುವವರಿದ್ದಾರೆ. ಕರುಳಿನ ಕೊನೆಯ ಭಾಗ ತೆಗೆದರೆ ಬಿ12 ಇಂಜೆಕ್ಷನ್ ಬೇಕಾಗಬಹುದು.

ವಾಂತಿ ನಿಲ್ಲದೆ, ಹೊಟ್ಟೆ ಉಬ್ಬಿ, ಗಾಳಿಯೂ ಹೋಗದಿದ್ದರೆ ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನಮ್ಮ ಭಾವನವರ ಸಣ್ಣ ಕರುಳಿನಿಂದ ಜಿಐಎಸ್‌ಟಿ ಗೆಡ್ಡೆ ತೆಗೆದು ಒಂದು ವರ್ಷವಾಯಿತು. ಮೂರು ವರ್ಷ ಇಮ್ಯಾಟಿನಿಬ್ ನುಂಗಲು ಹೇಳಿದ್ದಾರೆ. ಆರಾಮಾಗಿದ್ದಾರೆ, ಮಾತ್ರೆ ನಿಲ್ಲಿಸಬಹುದೇ?
– ಓದುಗರು, ಧಾರವಾಡ

ಉತ್ತರ: ನಿಲ್ಲಿಸಬೇಡಿ. ಮರಳಿ ಬರುವ ಅಪಾಯ ಹೆಚ್ಚಿರುವವರಿಗೇ ಮೂರು ವರ್ಷ ಬರೆಯುತ್ತಾರೆ. ಗೆಡ್ಡೆಯ ಗಾತ್ರ, ಜೀವಕೋಶಗಳು ಒಡೆಯುವ ವೇಗದ ಜೊತೆಗೆ ಜಾಗವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಅಷ್ಟೇ ಗಾತ್ರದ ಗೆಡ್ಡೆ ಜಠರದಲ್ಲಿರುವುದಕ್ಕಿಂತ ಸಣ್ಣ ಕರುಳಿನಲ್ಲಿದ್ದರೆ ಅಪಾಯ ಹೆಚ್ಚು. ಜೀರ್ಣಾಂಗದ ಗೋಡೆಯಲ್ಲಿ ಹುಟ್ಟುವ ಇಂಥ ಗೆಡ್ಡೆಗಳಲ್ಲಿ ಹೆಚ್ಚಿನವುಗಳ ಬೆಳವಣಿಗೆಗೆ ಕಾರಣ ಕಿಟ್ ಎಂಬ ಜೀನಿನ ದೋಷ. ಅದರ ಕೆಲಸವನ್ನು ಈ ಮಾತ್ರೆ ತಡೆಹಿಡಿಯುತ್ತದೆ.

ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ ನುಂಗಲಿ. ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಳ್ಳುವುದು, ಮೀನಖಂಡ ಹಿಡಿಯುವುದು ಉಂಟು. ವೈದ್ಯರಿಗೆ ತಿಳಿಸಿ, ತಾವಾಗಿ ಡೋಸ್ ಇಳಿಸುವುದು ಬೇಡ. ಖರ್ಚಿನ ಚಿಂತೆಯಿದ್ದರೆ ಜೆನರಿಕ್ ಬರೆಸಿಕೊಳ್ಳಿ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಇಮ್ಯಾಟಿನಿಬ್‌ನ ಮೂಲ ಬ್ರಾಂಡ್ ಗ್ಲಿವೆಕ್‌ಗೆ ಪೇಟೆಂಟ್ ನಿರಾಕರಿಸಿದ್ದರಿಂದ ನಮ್ಮ ದೇಶದಲ್ಲಿ ಇದೇ ಔಷಧಿ ಬಹಳ ಕಡಿಮೆ ಬೆಲೆಗೆ ಸಿಗುತ್ತಿದೆ. ಮುಂದಿನ ಸಿಟಿ ಸ್ಕ್ಯಾನಿನ ದಿನವನ್ನು ಇವತ್ತೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ಆರಾಮಾಗಿದ್ದರೂ ತಪ್ಪಿಸಬೇಡಿ.