ಮನೆಯ ಡಿಶ್‌ಗೆ ಎಂಥ ಕಂಬ ಬೇಕು?



ಮುಂಗಾರಿನ ಮೊದಲ ಗಾಳಿ ಬೀಸಿದ ದಿನವೇ ಎಷ್ಟೋ ಮನೆಗಳಲ್ಲಿ ಟಿ.ವಿ. ಚಿತ್ರ ನಿಂತುಹೋಗುತ್ತದೆ. ಬಿತ್ತನೆ ಮಾಡಬೇಕೆ, ಎರಡು ದಿನ ತಡೆಯಬೇಕೆ, ಕಿತ್ತ ಶೇಂಗಾವನ್ನು ಕಣದಲ್ಲಿ ಹರವಬೇಕೆ ಎಂದು ಹವಾಮಾನ ವರ್ತಮಾನ ಕೇಳಬೇಕಾದ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂಬ ಬರಹ ಕಾಣಿಸಿಕೊಳ್ಳುತ್ತದೆ. ನಾವು ತಪ್ಪನ್ನು ಪೆಟ್ಟಿಗೆಯ ಮೇಲೋ ಕೇಬಲ್ ಮೇಲೋ ಹೊರಿಸುತ್ತೇವೆ. ರಿಪೇರಿಯವರನ್ನು ಕರೆಸಿ ದುಡ್ಡು ಕೊಡುತ್ತೇವೆ. ಅವರು ಬಂದು ಡಿಶ್ ಅನ್ನು ಒಂದಿಷ್ಟು ತಿರುಗಿಸಿ ಹೋಗುತ್ತಾರೆ. ಮುಂದಿನ ಗಾಳಿಗೆ ಮತ್ತೆ ಅದೇ ಕಥೆ. ಬಹಳಷ್ಟು ಮನೆಗಳಲ್ಲಿ ದೋಷವಿರುವುದು ಡಿಶ್ ಹೊತ್ತು ನಿಂತ ಕಂಬದಲ್ಲಿ. ಡಿಶ್ ಕೊಳ್ಳುವಾಗ ನಾಲ್ಕು ಅಂಗಡಿ ತಿರುಗುವ ನಾವು, ಕಂಬಕ್ಕೆ ಹಿತ್ತಿಲಲ್ಲಿ ಬಿದ್ದ ಯಾವುದೋ ಕೊಳವೆಯನ್ನು ಎತ್ತಿ ನಿಲ್ಲಿಸುತ್ತೇವೆ.

ಎತ್ತರದಿಂದ ಲಾಭವಿಲ್ಲ

ಹಿಂದೆ ದೂರದರ್ಶನವನ್ನು ನೆಲದ ಮೇಲಿನ ಪ್ರಸಾರ ಗೋಪುರದಿಂದ ಹಿಡಿಯುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬಹುದು. ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾವನ್ನು ಬಿದಿರಿಗೋ ಉದ್ದನೆಯ ಪೈಪಿಗೋ ಕಟ್ಟಿ ಮನೆಯ ಮೇಲೆ ಏರಿಸುತ್ತಿದ್ದೆವು. ಗೋಪುರ ದೂರದ ಪಟ್ಟಣದಲ್ಲಿ. ನಡುವೆ ಗುಡ್ಡ, ಮರ, ಮನೆ. ಆದ್ದರಿಂದ ಆಂಟೆನಾ ಎತ್ತರವಾದಷ್ಟೂ ಚಿತ್ರ ಸ್ಪಷ್ಟವಾಗುತ್ತಿತ್ತು. ಆ ಪ್ರಸಾರ ಕೇಂದ್ರಗಳಲ್ಲಿ ಬಹುಪಾಲು ಈಗ ಮುಚ್ಚಿವೆ, ಆದರೆ ಆ ಅಭ್ಯಾಸ ಉಳಿದುಕೊಂಡಿದೆ.

ಡಿಶ್‌ನ ಸಂಗತಿ ಬೇರೆ. ಉಪಗ್ರಹವಿರುವುದು ಭೂಮಿಯ ಮಧ್ಯರೇಖೆಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅಂಥಲ್ಲಿ ನಾವು 20 ಅಡಿ ಮೇಲೇರಿಸಿದರೆ ಏನು ಹತ್ತಿರವಾದಂತಾಯಿತು? 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ ಪಡೆದವು. ಆಗಿನದು ಕೋಳಿಬಲೆಯ ತಂತಿಯಿಂದ ಮಾಡಿದ 10 ಅಡಿ ಅಗಲದ ಡಿಶ್. ಅಷ್ಟು ದೊಡ್ಡದನ್ನು ಉದ್ದ ಕಂಬದ ಮೇಲೆ ಏರಿಸುವಂತೆಯೂ ಇರಲಿಲ್ಲ, ಏರಿಸುವ ಅಗತ್ಯವೂ ಇರಲಿಲ್ಲ. ಇಂದಿನ 60 ಸೆಂ.ಮೀ. ಡಿಶ್‌ಗೂ ಈ ಮಾತು ಹಾಗೆಯೇ ಅನ್ವಯಿಸುತ್ತದೆ. ಎದುರಿಗೆ ಅಡ್ಡಿಯಿಲ್ಲದಿದ್ದರೆ ಸಾಕು. ಅಂಗಳದ ಮೂಲೆಯೂ ಮಾಳಿಗೆಯೂ ಒಂದೇ.

ಒಂದೂವರೆ ಡಿಗ್ರಿಯ ಲೆಕ್ಕ

60 ಸೆಂ.ಮೀ. ಡಿಶ್‌ನ ದೃಷ್ಟಿ ಬಹಳ ಕಿರಿದು. ಗುರಿಯಿಂದ ಸುಮಾರು ಒಂದೂವರೆ ಡಿಗ್ರಿ ಆಚೀಚೆ ಸರಿದರೆ ಅದು ಹಿಡಿಯುವ ಶಕ್ತಿ ಅರ್ಧಕ್ಕಿಳಿಯುತ್ತದೆ. ಒಂದೂವರೆ ಡಿಗ್ರಿ ಎಂದರೆ ಡಿಶ್‌ನ ಒಂದು ಅಂಚು ಇನ್ನೊಂದು ಅಂಚಿಗಿಂತ ಒಂದೂವರೆ ಸೆಂ.ಮೀ. ಸರಿದಂತೆ, ಒಂದು ಬೆರಳಿನ ಅಗಲ. ಬಿಸಿಲಿನ ದಿನ ಅರ್ಧ ಶಕ್ತಿಯಲ್ಲಿಯೂ ಚಿತ್ರ ಬರಬಹುದು. ಆದರೆ ದಟ್ಟ ಮಳೆ ತಾನೇ ಒಂದು ಪಾಲು ಶಕ್ತಿಯನ್ನು ನುಂಗುತ್ತದೆ. ಮಳೆ ನುಂಗಿದ್ದು ಒಂದು ಕಡೆ, ಕಂಬ ವಾಲಿ ಕಳೆದದ್ದು ಇನ್ನೊಂದು ಕಡೆ; ಎರಡೂ ಕೂಡಿದಾಗ ಚಿತ್ರ ಹೋಗುತ್ತದೆ. ವರ್ತಮಾನ ಹೆಚ್ಚು ಬೇಕಾದ ದಿನವೇ ಡಿಶ್ ಕೈಕೊಡುವುದು ಇದರಿಂದಲೇ.

ಈಗ ಗಾಳಿಯ ಒತ್ತಡ ನೋಡಿ. ಗಂಟೆಗೆ 120 ಕಿ.ಮೀ. ವೇಗದ ಬಿರುಗಾಳಿ 60 ಸೆಂ.ಮೀ. ಡಿಶ್ ಅನ್ನು ಸುಮಾರು 25 ಕಿಲೋ ಬಲದಿಂದ ತಳ್ಳುತ್ತದೆ. 90 ಸೆಂ.ಮೀ. ಡಿಶ್ ಆದರೆ ಇದರ ಎರಡು ಪಟ್ಟಿಗಿಂತ ಹೆಚ್ಚು. ಬುಡ ಅಲುಗದಂತಿದ್ದರೂ ಕೊಳವೆ ಸ್ವಲ್ಪ ಬಾಗುತ್ತದೆ. ಒಂದೂವರೆ ಇಂಚಿನ ಮಧ್ಯಮ ದರ್ಜೆಯ ಜಿ.ಐ. ಪೈಪು 3 ಅಡಿ ಉದ್ದವಿದ್ದರೆ ಈ ಬಲಕ್ಕೆ ತುದಿ ವಾಲುವುದು ಕಾಲು ಡಿಗ್ರಿ ಮಾತ್ರ. 6 ಅಡಿಯಾದರೆ ಒಂದು ಡಿಗ್ರಿ. 9 ಅಡಿಯಾದರೆ ಎರಡು ಡಿಗ್ರಿ ದಾಟುತ್ತದೆ. ಉದ್ದ ಎರಡು ಪಟ್ಟಾದರೆ ವಾಲುವುದು ನಾಲ್ಕು ಪಟ್ಟು ಎಂಬುದನ್ನು ಗಮನಿಸಿ. ಒಂದು ಇಂಚಿನ ಪೈಪು ಇದಕ್ಕಿಂತ ಮೂರು ಪಟ್ಟು ಹೆಚ್ಚು ಬಾಗುತ್ತದೆ. 6 ಅಡಿಗೆ ಮೂರು ಡಿಗ್ರಿ. ಅಂಥ ಕಂಬ ಬಿರುಗಾಳಿಗೆ ಸಿಕ್ಕರೆ ಬಾಗಿದ್ದು ಬಾಗಿಯೇ ಉಳಿಯಲೂಬಹುದು.

ಯಾವ ಕೊಳವೆ ಆರಿಸಬೇಕು?

ಮಾಳಿಗೆಯ ಮೇಲೆ ಅಥವಾ ಗೋಡೆಗೆ ಹೂಡುವ 3 ಅಡಿ ಕಂಬಕ್ಕೆ ಒಂದೂವರೆ ಇಂಚಿನ ಜಿ.ಐ. ಪೈಪು ಸೂಕ್ತ. ಪೈಪಿನ ದರ್ಜೆಯನ್ನು ಅದರ ಮೇಲಿನ ಬಣ್ಣದ ಪಟ್ಟೆಯಿಂದ ತಿಳಿಯಬಹುದು: ಹಳದಿ ಹಗುರ, ನೀಲಿ ಮಧ್ಯಮ, ಕೆಂಪು ಭಾರಿ. ನೀಲಿ ಪಟ್ಟೆಯದನ್ನೇ ಕೇಳಿ ಪಡೆಯಿರಿ. ಅಂಗಳದಲ್ಲಿ ನೆಡುವುದಾದರೆ ದನಕರುಗಳ ಮೈ ತಾಗದಂತೆ, ಮಕ್ಕಳ ಕೈಗೆಟುಕದಂತೆ 6 ಅಡಿ ಬೇಕಾಗುತ್ತದೆ. ಆಗ 2 ಇಂಚಿನ ಪೈಪನ್ನೇ ಹಾಕಬೇಕು.

ಕೊಳ್ಳುವಾಗ ಒಂದು ತೊಡಕುಂಟು. ಅಂಗಡಿಯಲ್ಲಿ ಹೇಳುವ ಅಳತೆ ಪೈಪಿನ ಒಳಬಾಯಿಯದು. ಡಿಶ್‌ನ ಕ್ಲಾಂಪ್ ಹಿಡಿಯುವುದು ಹೊರಮೈಯನ್ನು. ಒಂದೂವರೆ ಇಂಚಿನ ಪೈಪಿನ ಹೊರ ಅಗಲ 48 ಮಿ.ಮೀ., ಅಂದರೆ ಹೆಚ್ಚು ಕಡಿಮೆ ಎರಡು ಇಂಚು. ಒಂದೂಕಾಲು ಇಂಚಿನದು 42 ಮಿ.ಮೀ., 2 ಇಂಚಿನದು 60 ಮಿ.ಮೀ. ಆದ್ದರಿಂದ ಕ್ಲಾಂಪನ್ನು ಮೊದಲು ಅಳೆದು, ಸಾಧ್ಯವಾದರೆ ಜೊತೆಗೇ ಒಯ್ದು, ಪೈಪಿಗೆ ಹಾಕಿ ನೋಡಿಯೇ ಕೊಳ್ಳಿರಿ. ಸಡಿಲವಾದ ಕ್ಲಾಂಪಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಬಿಗಿಯುವವರಿದ್ದಾರೆ. ರಬ್ಬರು ಬಿಸಿಲಿಗೆ ಒಣಗಿ ಸೀಳುತ್ತದೆ, ಡಿಶ್ ತಾನಾಗಿ ತಿರುಗುತ್ತದೆ. ಕ್ಲಾಂಪ್ 60 ಮಿ.ಮೀ. ಹಿಡಿಯದಿದ್ದರೆ 2 ಇಂಚಿನ ಕಂಬದ ತುದಿಗೆ ರೆಡ್ಯೂಸರ್ ಹಾಕಿ ಒಂದೂವರೆ ಇಂಚಿನ ಒಂದಡಿ ತುಂಡನ್ನು ಕೂಡಿಸಬಹುದು.

ಕೊಳವೆ ಬಾವಿಯಿಂದ ತೆಗೆದ ಹಳೆಯ ಪೈಪು ಅನೇಕ ತೋಟಗಳಲ್ಲಿ ಬಿದ್ದಿರುತ್ತದೆ. ಧಾರಾಳವಾಗಿ ಬಳಸಿರಿ, ಆದರೆ ಸುತ್ತಿಗೆಯಿಂದ ಉದ್ದಕ್ಕೂ ಬಡಿದು ನೋಡಿರಿ, ತುಕ್ಕು ತಿಂದ ಕಡೆ ಮಂಕು ಸದ್ದು ಬರುತ್ತದೆ. ಮರೆ ಕೊರೆದ ತುದಿ ಪೈಪಿನ ಅತಿ ದುರ್ಬಲ ಭಾಗ. ಅದನ್ನು ಕತ್ತರಿಸಿ ತೆಗೆಯಬೇಕು. ಬುಡದ ಕಡೆಗಂತೂ ಅದು ಬರಲೇಬಾರದು.

ಪಿ.ವಿ.ಸಿ. ಪೈಪು ಬೇಡ, ಅದು ಬಿಸಿಲಿಗೆ ಮೆತ್ತಗಾಗುತ್ತದೆ. ಒಳಗೆ ಕಾಂಕ್ರೀಟು ತುಂಬಿದರೂ ನಂಬುವಂತಿಲ್ಲ. ಬಿದಿರು, ಸರ್ವೆ ಮರ ಮಳೆಗೆ ಉಬ್ಬಿ ಬಿಸಿಲಿಗೆ ತಿರುಚುತ್ತವೆ, ಬುಡಕ್ಕೆ ಗೆದ್ದಲು ಬೇರೆ. ನಿಂತ ಮರಕ್ಕೆ ಡಿಶ್ ಕಟ್ಟುವ ವಿಚಾರವನ್ನೇ ಬಿಡಿರಿ. ಇವೆಲ್ಲಕ್ಕಿಂತ ನಮ್ಮ ಬೇಲಿಯ ಕಲ್ಲುಕಂಬ ಎಷ್ಟೋ ಮೇಲು. ಗಾಳಿಗೆ ಅದು ಬಾಗುವುದಿಲ್ಲ. ಆಳವಾಗಿ ಹೂತ ಕಲ್ಲುಕಂಬವಿದ್ದರೆ ಅದಕ್ಕೆ ರಂಧ್ರ ಕೊರೆಯದೆ, ಒಂದೂವರೆ ಇಂಚಿನ ಪೈಪಿನ ತುಂಡನ್ನು ಒತ್ತಿ ನಿಲ್ಲಿಸಿ, ಒಂದರಿಂದೊಂದು ಒಂದೂವರೆ ಅಡಿ ದೂರದಲ್ಲಿ ಎರಡು ಕಬ್ಬಿಣದ ಪಟ್ಟಿ ಹಾಕಿ ಬಿಗಿಯಿರಿ. ಖರ್ಚು ಅಲ್ಪ.

ಎಲ್ಲಿ ನಿಲ್ಲಿಸಬೇಕು?

ತಿಂಗಳ ಬಾಡಿಗೆಯಿಲ್ಲದ ದೂರದರ್ಶನದ ಫ್ರೀ ಡಿಶ್ ಸೇವೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2015ರ ಮೇ 26ರಂದು ಆರಂಭವಾದ ಕಿಸಾನ್ ವಾಹಿನಿಯೂ ಇದರಲ್ಲಿ ಸಿಗುತ್ತದೆ. ಈ ಸೇವೆಯ ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಕರ್ನಾಟಕದಿಂದ ನೋಡಿದರೆ ಅದು ಆಗ್ನೇಯದಲ್ಲಿ, ವಾಸ್ತು ನೋಡಿ ಕಟ್ಟಿದ ಮನೆಯಾದರೆ ಒಲೆಯ ಮೂಲೆಯ ಕಡೆಗೆ, 61ರಿಂದ 66 ಡಿಗ್ರಿ ಮೇಲೆ ಇರುತ್ತದೆ. ಬೇರೆ ಸೇವೆಗಳ ಉಪಗ್ರಹಗಳು ಬೇರೆ ಸ್ಥಾನಗಳಲ್ಲಿವೆ. ಪಕ್ಕದ ಮನೆಯ ಡಿಶ್ ನೋಡಿ ನಿಮ್ಮದನ್ನು ತಿರುಗಿಸಬೇಡಿ.

ಡಿಶ್‌ನ ಮುಖ ನೋಡುವುದಕ್ಕೆ ಅದು ಹಿಡಿಯುವ ದಿಕ್ಕಿಗಿಂತ ತಗ್ಗಿದಂತೆ ಕಾಣುತ್ತದೆ. ಅದರಿಂದಾಗಿ ಅದು ಎದುರಿನ ಬೇಲಿಯನ್ನು ನೋಡುತ್ತಿದೆ ಎಂಬ ಭ್ರಮೆ ಬರುತ್ತದೆ. ವಾಸ್ತವವಾಗಿ ಅದು ಹಿಡಿಯುವುದು ತಲೆಯ ಮೇಲಿನಿಂದ, ಒಂದು ಮಾರು ದೂರಕ್ಕೆ ಎರಡು ಮಾರು ಏರುವಷ್ಟು ಕಡಿದಾದ ದಾರಿಯಿಂದ ಬರುವ ಅಲೆಯನ್ನು. ದೂರದ ಮರ ಅಡ್ಡಿಯಲ್ಲ; ಮೇಲೆ ಚಾಚಿದ ಮಾವಿನ ಕೊಂಬೆ ಅಡ್ಡಿ. ಆಗ್ನೇಯಕ್ಕಿರುವ ಮರ ಡಿಶ್‌ಗಿಂತ ಎಷ್ಟು ಎತ್ತರವಿದೆಯೋ ಅಷ್ಟೇ ದೂರದಲ್ಲಿದ್ದರೆ ಮುಂದೆ ಅದು ಬೆಳೆದರೂ ಚಿಂತೆಯಿಲ್ಲ. ಎಳೆಯ ತೆಂಗಿನ ಸಸಿಯ ಪಕ್ಕದಲ್ಲಿ ನೆಡುವವರು ಇದನ್ನು ಮರೆಯಬಾರದು.

ಅಡ್ಡಿಯಿದೆಯೋ ಇಲ್ಲವೋ ಎಂದು ತಿಳಿಯಲು ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ವರ್ಷಕ್ಕೆರಡು ಬಾರಿ, ಮಾರ್ಚ್ 12ರಿಂದ 16ರವರೆಗೆ ಹಾಗೂ ಸೆಪ್ಟೆಂಬರ್ 27ರಿಂದ ಅಕ್ಟೋಬರ್ 2ರವರೆಗೆ, ಸೂರ್ಯ ಈ ಉಪಗ್ರಹದ ಹಿಂದೆಯೇ ಹಾದುಹೋಗುತ್ತಾನೆ. ವೇಳೆ ಮಾರ್ಚ್‌ನಲ್ಲಿ ಬೆಳಗಿನ 11 ದಾಟಿ ಹತ್ತು-ಹದಿನೈದು ನಿಮಿಷ. ಸೆಪ್ಟೆಂಬರ್ ಕೊನೆಯಲ್ಲಿ 11ಕ್ಕೆ ಐದಾರು ನಿಮಿಷ ಮುಂಚೆ. ಆ ಹೊತ್ತಿಗೆ ಡಿಶ್ ಇಡಬೇಕೆಂದ ಜಾಗದಲ್ಲಿ ಪೂರ್ತಿ ಬಿಸಿಲು ಬಿದ್ದಿದ್ದರೆ ಅಲ್ಲಿ ಅಡ್ಡಿಯಿಲ್ಲ. ನೆರಳಿದ್ದರೆ ಆ ಜಾಗ ಬಿಡಿ. ನೆಲವನ್ನು ನೋಡಿದರೆ ಸಾಕು, ಸೂರ್ಯನನ್ನು ನೋಡಬೇಡಿ. ಅದೇ ದಿನಗಳಲ್ಲಿ ಅದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ಕೆಡುವುದುಂಟು. ಅದಕ್ಕಾಗಿ ಯಾರನ್ನೂ ಕರೆಸಬೇಕಾಗಿಲ್ಲ.

ಬುಡ ಭದ್ರವಾಗಿರಲಿ

ಮಸಾರಿ ಭೂಮಿಯಲ್ಲಿ ಒಂದೂವರೆ ಅಡಿ ಚೌಕ, ಎರಡು ಅಡಿ ಆಳದ ಗುಂಡಿ ಸಾಕು. ತಳದಲ್ಲಿ ಒಂದು ಗೇಣು ಜಲ್ಲಿ ಹರಡಿ ಪೈಪನ್ನು ಅದರ ಮೇಲೆ ನಿಲ್ಲಿಸಿ. ಪೈಪಿನ ಬುಡಕ್ಕೆ ರಂಧ್ರ ಕೊರೆದು ಒಂದು ಅಡಿಯ ಕಬ್ಬಿಣದ ಸರಳನ್ನು ಅಡ್ಡ ತೂರಿಸಬೇಕು; ಇಲ್ಲದಿದ್ದರೆ ಗಾಳಿಗೆ ಪೈಪು ಕಾಂಕ್ರೀಟಿನೊಳಗೇ ತಿರುಗುತ್ತದೆ. ಸಿಮೆಂಟು, ಮರಳು, ಜಲ್ಲಿ 1:2:4 ಪ್ರಮಾಣದಲ್ಲಿ ಹಾಕಿ, ಮೇಲ್ಭಾಗವನ್ನು ನೀರು ಹೊರಗೆ ಹರಿಯುವಂತೆ ಇಳಿಜಾರು ಮಾಡಿ, ಒಂದು ವಾರ ನೀರುಣಿಸಿ. ಅಲ್ಲಿಯವರೆಗೆ ಡಿಶ್ ಏರಿಸಬೇಡಿ. ಪೈಪಿನ ಬಾಯಿಗೆ ಮುಚ್ಚಳ ಹಾಕುವುದನ್ನು ಮರೆಯದಿರಿ.

ಎರೆ ಭೂಮಿಯವರಿಗೆ ಈ ಗುಂಡಿ ಸಾಲದು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣು ಕಾಂಕ್ರೀಟು ಸಮೇತ ಕಂಬವನ್ನು ವಾಲಿಸುತ್ತದೆ. ಗರಸು ಸಿಗುವವರೆಗೆ ತೋಡಬೇಕು. ಬೇಗ ಸಿಗದಿದ್ದರೆ ನೆಲದ ಆಸೆ ಬಿಟ್ಟು ಮನೆಯ ಕಲ್ಲುಗೋಡೆಗೋ ಮಾಳಿಗೆಗೋ ಹೂಡುವುದೇ ಲೇಸು. ಮಣ್ಣಿನ ಗೋಡೆಯಲ್ಲಿ, ಒಂಟಿ ಇಟ್ಟಿಗೆಯ ಪ್ಯಾರಾಪೆಟ್ಟಿನಲ್ಲಿ ಬೋಲ್ಟು ನಿಲ್ಲುವುದಿಲ್ಲ. ಆರ್.ಸಿ.ಸಿ. ಮಾಳಿಗೆಗೆ ರಂಧ್ರ ಕೊರೆದರೆ ಸೋರುತ್ತದೆ. ಅದರ ಬದಲು 2 ಅಡಿ ಚೌಕ, ಅರ್ಧ ಅಡಿ ದಪ್ಪದ ಕಾಂಕ್ರೀಟು ಹಾಸನ್ನು ಪೈಪು ಸಮೇತ ಅಲ್ಲಿಯೇ ಎರಕ ಹಾಕಿ. ಅದರ ತೂಕ ಸುಮಾರು 130 ಕಿಲೋ. 3 ಅಡಿ ಕಂಬ, 60 ಸೆಂ.ಮೀ. ಡಿಶ್ ಬಿರುಗಾಳಿಗೂ ಉರುಳುವುದಿಲ್ಲ.

ಕಂಬ ನೆಟ್ಟಗಿದೆಯೇ ಎಂದು ತೂಗುಗುಂಡು ಇಳಿಬಿಟ್ಟು ನೋಡಬೇಕು, ಅದೂ ಎರಡು ಬದಿಗಳಿಂದ: ಪೂರ್ವದಿಂದ ಒಮ್ಮೆ, ದಕ್ಷಿಣದಿಂದ ಒಮ್ಮೆ. ಕಂಬ ವಾಲಿದ್ದರೆ ಡಿಶ್‌ನ ಹಿಂಬದಿಯ ಡಿಗ್ರಿ ಗುರುತುಗಳು ಸುಳ್ಳು ಹೇಳುತ್ತವೆ. ಎಡಬಲ ತಿರುಗಿಸಿದಾಗಲೆಲ್ಲ ಮೇಲು-ಕೆಳಗೂ ಬದಲಾಗಿ ಗುರಿ ಸಿಗದೆ ಅರ್ಧ ದಿನ ಹಾಳಾಗುತ್ತದೆ.

ಕರೆಂಟು ಮತ್ತು ಸಿಡಿಲು

ಕಬ್ಬಿಣದ ಉದ್ದ ಪೈಪನ್ನು ಎತ್ತಿ ನಿಲ್ಲಿಸುವಾಗ ಅದು ಮೇಲಿನ ವಿದ್ಯುತ್ ತಂತಿಗೆ ತಾಗಿದರೆ ಹಿಡಿದವರು ಉಳಿಯುವುದು ಕಷ್ಟ. ಉದ್ದ ಕಂಬ ಬೇಡವೆನ್ನಲು ಚಿತ್ರಕ್ಕಿಂತ ದೊಡ್ಡ ಕಾರಣ ಇದು. ಕಂಬ ಯಾವ ಕಡೆಗೆ ಬಿದ್ದರೂ ತಂತಿಯನ್ನು ಮುಟ್ಟದಷ್ಟು ದೂರವಿರಲಿ. ಪಂಪ್‌ಸೆಟ್ಟಿನ ತಂತಿಗೂ ಈ ಮಾತು ಸಲ್ಲುತ್ತದೆ. ಕಂಬಕ್ಕೆ ದಪ್ಪ ಜಿ.ಐ. ತಂತಿಯಿಂದ ಅರ್ತಿಂಗ್ ಮಾಡಿಸಿರಿ. ಆದರೆ ಅದು ನೇರ ಸಿಡಿಲನ್ನು ತಡೆದೀತೆಂದು ನಂಬಬೇಡಿ. ಗುಡುಗು ಕೇಳಿಸುವ ಮೊದಲೇ, ಮೋಡ ಕಟ್ಟಿದಾಗಲೇ ಪ್ಲಗ್ಗನ್ನೂ ಪೆಟ್ಟಿಗೆಯ ಹಿಂದಿನ ಡಿಶ್ ಕೇಬಲನ್ನೂ ಕಳಚಿಡಿ. ಗುಡುಗು ಶುರುವಾದ ಮೇಲೆ ಯಾವುದನ್ನೂ ಮುಟ್ಟಬೇಡಿ.

ಡಿಶ್ ಗುರಿಗೆ ಕೂತ ದಿನ ಕ್ಲಾಂಪಿನ ಅಂಚಿನಲ್ಲಿ ಪೈಪಿನ ಮೇಲೆ ಬಣ್ಣದಿಂದ ಒಂದು ಗೆರೆ ಎಳೆದಿಡಿ. ಮುಂಗಾರಿಗೆ ಮುಂಚೆ ನಟ್ಟುಗಳನ್ನು ಬಿಗಿ ಮಾಡುವಾಗ ಗೆರೆ ಸರಿದಿದ್ದರೆ ಕ್ಲಾಂಪ್ ಜಾರಿದೆ. ಗೆರೆ ಅಲ್ಲಿಯೇ ಇದ್ದು ಚಿತ್ರ ಕೆಟ್ಟಿದ್ದರೆ ತೂಗುಗುಂಡು ಹಿಡಿದು ಬುಡ ನೋಡಿ.